ಸಿಬ್ಬಂದಿ ನಿಲ್ಲುತ್ತಿಲ್ಲವೆಂದು ಕೊರಗುವ ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ

ಮಾನ್ಯ ಆಡಳಿತಾಧಿಕಾರಿಗಳೇ,

ಮಾತಿನ ಚಿಕಿತ್ಸೆ ಕೊಡುವವರು ನಿಮ್ಮ ಆಸ್ಪತ್ರೆಯಲ್ಲಿ ಯಾಕೆ ಉಳಿಯುವುದಿಲ್ಲ ಎಂದು ನೀವು ಊರನ್ನೆಲ್ಲ ಕೇಳುತ್ತಿದ್ದೀರಿ. ಲಿಫ್ಟಿನ ಪಕ್ಕದ ಗೋಡೆಗೆ ಪ್ರಕಟಣೆ ಅಂಟಿಸಿ, ಸಾರ್ವಜನಿಕರ ಸಲಹೆಗೆ ಸ್ವಾಗತ ಎಂದೂ ಬರೆಸಿದ್ದೀರಿ. ನಾನು ಸಾರ್ವಜನಿಕಳೇ, ಅದರ ಮೇಲೆ ರೋಗಿಯ ಹೆಂಡತಿ ಬೇರೆ. ನನ್ನ ಸಲಹೆ ಇಷ್ಟೇ: ಅವರನ್ನು ಓಡಿಸುತ್ತಿರುವುದು ತಿಂಗಳಿಗೊಮ್ಮೆ ಕೋಣೆ ಬದಲಿಸುವ ನಿಮ್ಮ ಸರದಿ ಪದ್ಧತಿ. ಅದನ್ನು ಇವತ್ತೇ ಕಿತ್ತುಹಾಕಿ.

ನೀವು ಕೈಕಟ್ಟಿ ಕೂತಿಲ್ಲ ಎಂಬುದನ್ನು ಒಪ್ಪುತ್ತೇನೆ. ಸಿಬ್ಬಂದಿಗೆ ಆಸ್ಪತ್ರೆಯ ಹೆಸರಿರುವ ಕಾಫಿ ಕಪ್ಪು ಕೊಟ್ಟಿರಿ. ಎಲ್ಲಿಂದಲೋ ಒಬ್ಬ ಭಾಷಣಕಾರರನ್ನು ಕರೆಸಿ, ನಗುನಗುತ್ತಾ ದುಡಿಯುವುದು ಹೇಗೆ ಎಂದು ಮಧ್ಯಾಹ್ನವಿಡೀ ಪಾಠ ಮಾಡಿಸಿದಿರಿ. ಅವತ್ತು ಚಿಕಿತ್ಸೆಗೆ ರಜೆ, ನಾವೆಲ್ಲ ಬೆಂಚಿನ ಮೇಲೆ ಕೂತು ಒಳಗಿನ ಚಪ್ಪಾಳೆ ಕೇಳಿಸಿಕೊಂಡೆವು. ಅತ್ಯುತ್ತಮ ನೌಕರ ಎಂದು ಒಬ್ಬರ ಫೋಟೋವನ್ನು ಚೌಕಟ್ಟು ಹಾಕಿಸಿ ತೂಗುಹಾಕಿದಿರಿ. ಆ ಪುಣ್ಯಾತ್ಮ ಕೆಲಸ ಬಿಟ್ಟು ಹೋದರೂ ಫೋಟೋ ಅಲ್ಲೇ ಇದೆ. ನಿಮ್ಮಲ್ಲಿ ಗಟ್ಟಿಯಾಗಿ ನಿಂತದ್ದು ಅದೊಂದೇ ಇರಬೇಕು.

ಈಗ ನನ್ನ ಮನೆಯ ವಿಷಯಕ್ಕೆ ಬರುತ್ತೇನೆ. ನನ್ನ ಯಜಮಾನರು ಬಸ್ ಕಂಡಕ್ಟರ್. ಪಾರ್ಶ್ವವಾಯು ಹೊಡೆದು ಮಾತು ಹೋಯಿತು. ಬಸ್ಸಿನ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಗದರುತ್ತಿದ್ದ ಮನುಷ್ಯ, ನೀರು ಬೇಕೆಂದರೆ ಲೋಟದ ಕಡೆ ಕಣ್ಣು ತೋರಿಸುವಂತಾಯಿತು. ನಿಮ್ಮ ಆಸ್ಪತ್ರೆಯಲ್ಲಿ ಅವರ ಪಾಲಿಗೆ ಬಂದವಳು ಒಬ್ಬ ಹುಡುಗಿ, ನನ್ನ ಮಗಳ ವಯಸ್ಸಿನವಳು. ಮೊದಲ ದಿನ ಎಲ್ಲರಂತೆ ಚಿತ್ರದ ಕಾರ್ಡು ಹಿಡಿದಳು. ಸೇಬು, ಚೆಂಡು, ಬೆಕ್ಕು. ಇವರು ಕಾರ್ಡನ್ನು ನೋಡಿದರು, ನನ್ನನ್ನು ನೋಡಿದರು, ಗೋಡೆಗೆ ತಿರುಗಿದರು. ಅವಳು ಕಾರ್ಡುಗಳನ್ನು ಡ್ರಾಯರಿಗೆ ಹಾಕಿ, ಇವರು ಮೊದಲು ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದಳು. ಅದುವರೆಗೆ ನಿಮ್ಮಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಮರುದಿನದಿಂದ ಆ ಕೋಣೆಯೇ ಬಸ್ಸಾಯಿತು. ಕುರ್ಚಿಗಳನ್ನು ಜೋಡಿ ಜೋಡಿಯಾಗಿ ಇಟ್ಟಳು. ನಾನೂ ಟಿಕೆಟ್ ಇಲ್ಲದ ಪ್ರಯಾಣಿಕಳಾಗಿ ಕೂತೆ. ಅವಳು ದಿನವೂ ದೊಡ್ಡ ಚೀಲ ಹೆಗಲಿಗೇರಿಸಿ ಬಾಗಿಲಿಗೆ ಅಡ್ಡವಾಗಿ ನಿಂತುಬಿಡುತ್ತಿದ್ದಳು, ಇವರಿಗೆ ರೇಗಲಿ ಅಂತಲೇ. ಮೂವತ್ತು ವರ್ಷ ಅಂಥವರ ಜೊತೆ ಜಗಳಾಡಿದ ಜೀವ ಅದು. ತುಟಿ ಅದುರುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು, ಮಾತು ಮಾತ್ರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಇನ್ನೇನು ಬಂತು ಅನ್ನುವಷ್ಟರಲ್ಲಿ ತಿಂಗಳು ಮುಗಿಯಿತು, ನಿಮ್ಮ ಸರದಿ ಬಂತು. ಅವಳನ್ನು ಎರಡು ಕೋಣೆ ಆಚೆಗೆ ಹಾಕಿದಿರಿ. ಯಾವ ಸಿಬ್ಬಂದಿಯೂ ಯಾವ ರೋಗಿಗೂ ಅಂಟಿಕೊಳ್ಳಬಾರದಂತೆ, ಎಲ್ಲರಿಗೂ ಎಲ್ಲ ಕೋಣೆಯ ಅನುಭವ ಸಮನಾಗಿ ಸಿಗಬೇಕಂತೆ. ಆಹಾ, ಏನು ನ್ಯಾಯ! ಬಿತ್ತುವವರು ಒಬ್ಬರು, ನೀರು ಹಾಕುವವರು ಇನ್ನೊಬ್ಬರು, ಮೊಳಕೆ ಬಂದಾಗ ಅದು ಯಾರದೆಂದು ಇಬ್ಬರಿಗೂ ಗೊತ್ತಿಲ್ಲ.

ಮೊಳಕೆ ಬಂತು. ಸರದಿ ಬದಲಾದ ಅದೇ ವಾರ ನಿಮ್ಮ ಮೇಲ್ವಿಚಾರಕರು ತಪಾಸಣೆಗೆಂದು ಬಂದು, ಫೋನಿನಲ್ಲಿ ಮಾತಾಡುತ್ತಾ ಬಾಗಿಲಿಗೆ ಒರಗಿ ನಿಂತರು. ನನ್ನ ಯಜಮಾನರು ಕೂತಲ್ಲಿಂದಲೇ ಗದರಿದರು: "ಒಳಗ್ ಬನ್ರೀ, ಬಾಗ್ಲಲ್ಲಿ ನಿಲ್ಬೇಡಿ." ಮೇಲ್ವಿಚಾರಕರು ಫೋನು ಜೇಬಿಗೆ ಹಾಕಿ ತೆಪ್ಪಗೆ ಒಳಗೆ ಬಂದರು. ನಾನು ಬಿದ್ದೆನೋ ಎದ್ದೆನೋ ಎಂದು ಆ ಹುಡುಗಿಯನ್ನು ಕರೆಯಲು ಓಡಿದೆ. ಅದೇ ಮೇಲ್ವಿಚಾರಕರು ಹಿಂದೆಯೇ ಬಂದು ಕಾರಿಡಾರಿನಲ್ಲಿ ನನ್ನನ್ನು ತಡೆದರು. ಅವಳೀಗ ಬೇರೆ ಕೋಣೆಯವಳು, ಹಳೆಯ ರೋಗಿಯ ವಿಷಯ ತಲುಪಿಸುವುದು ನಿಯಮಕ್ಕೆ ವಿರುದ್ಧ ಎಂದರು. ನಾನು ಕಾಡಿದೆ, ಬೇಡಿದೆ, ಅತ್ತೆ. ಅವರು ಕದಲಲಿಲ್ಲ. ಆಮೇಲೆ ಆ ಸುಧಾರಣೆಯನ್ನು ಅವಳ ಜಾಗಕ್ಕೆ ಹೊಸದಾಗಿ ಬಂದವರ ಲೆಕ್ಕಕ್ಕೆ ಬರೆದರು. ಆಕೆಗೂ ನಾಚಿಕೆಯಾಗಿ, ನಾನೇನೂ ಮಾಡಿಲ್ಲ ಕಣಮ್ಮ ಎಂದರು. ನಾನು ಮತ್ತೆ ಕಾಣುವ ಮೊದಲೇ ಆ ಹುಡುಗಿ ಕೆಲಸ ಬಿಟ್ಟಳು, ಸ್ವಲ್ಪ ದಿನದಲ್ಲೇ ಆಕೆಯೂ ಬಿಟ್ಟು ಹೋದರು.

ಕಳೆದ ವಾರ ಕನ್ನಡಕ ಸರಿಮಾಡಿಸಲು ಹೋದರೆ ಅಂಗಡಿಯಲ್ಲಿ ನಿಂತಿರುವುದು ಯಾರು? ಅದೇ ಹುಡುಗಿ. ಸಂಬಳ ನಿಮ್ಮಲ್ಲಿಗಿಂತ ಕಡಿಮೆಯಂತೆ. ಮತ್ತೆ ಇಲ್ಲಿಗ್ಯಾಕೆ ಬಂದೆ ತಾಯಿ ಎಂದೆ.

"ಇಲ್ಲಿ ಕನ್ನಡಕ ಹಾಕ್ಕೊಂಡ ತಕ್ಷಣ ಜನ 'ಕಾಣ್ತಿದೆ' ಅಂತಾರಮ್ಮ," ಎಂದಳು. "ಅದನ್ನ ನಾನೇ ಕೇಳಿಸ್ಕೋತೀನಿ."

ಯಜಮಾನರು ಮಾತಾಡಿದ ಸುದ್ದಿ ಅವಳಿಗೆ ಗೊತ್ತೇ ಇರಲಿಲ್ಲ. ನಾನು ಹೇಳಿದೆ. ಏನಂದರು, ಹೇಗಂದರು ಎಂದು ಮತ್ತೆ ಮತ್ತೆ ಹೇಳಿಸಿಕೊಂಡಳು, ಗಿರಾಕಿಗಳ ಎದುರಿಗೇ ಅತ್ತಳು. ಆಗ ನಾನು ಎರಡೇ ಕೋಣೆ ಆಚೆ ಇದ್ದೆನಲ್ಲಮ್ಮ ಎಂದಳು. ನಾನು ಸೆರಗಿನಿಂದ ಅವಳ ಕಣ್ಣೊರೆಸಿದೆ. ನೀವಾದರೆ ಒಂದು ಕಪ್ಪು ಕೊಡುತ್ತಿದ್ದಿರೇನೋ.

ಸ್ವಾಮಿ, ನನ್ನ ಯಜಮಾನರು ಆ ಒಂದು ಮಾತಿನ ನಂತರ ಮತ್ತೆ ಮಾತಾಡಿಲ್ಲ. ಬಂದ ಹೊಸಬರೆಲ್ಲ ಮತ್ತೆ ಸೇಬಿನಿಂದಲೇ ಶುರು ಮಾಡುತ್ತಾರೆ. ಬರುವುದಿದ್ದರೆ ಮಾತು ಈ ಕೆಲವು ತಿಂಗಳಲ್ಲೇ ಬರಬೇಕು, ಆಮೇಲೆ ಕಷ್ಟ ಎಂದು ನಿಮ್ಮ ಡಾಕ್ಟರೇ ಹೇಳಿದ್ದಾರೆ. ಆ ಹುಡುಗಿ ವಾಪಸು ಬರಲು ತಯಾರಿದ್ದಾಳೆ. ಸಂಬಳ ಹೆಚ್ಚಿಸಿ ಎಂದು ಕೇಳಲಿಲ್ಲ. ಕೊನೆಯವರೆಗೂ ನನ್ನ ಯಜಮಾನರ ಜೊತೆಗೇ ಇರಲು ಬಿಡುತ್ತಾರಾ ಎಂದಷ್ಟೇ ಕೇಳಿದಳು. ಈ ಪ್ರಶ್ನೆಗೆ ಉತ್ತರಿಸಬೇಕಾದವರು ನೀವು. ಸರದಿಯನ್ನು ರದ್ದು ಮಾಡಿ. ಒಬ್ಬ ರೋಗಿಗೆ ಮೊದಲಿನಿಂದ ಕೊನೆಯತನಕ ಒಬ್ಬರೇ ಇರಲಿ, ರೋಗಿ ಬಾಯಿ ಬಿಟ್ಟ ದಿನ ಅವರೇ ಎದುರಿಗಿರಲಿ. ಅವಳನ್ನು ಈ ವಾರವೇ ಕರೆಸಿ. ಸಭೆ ಕರೆಯಬೇಡಿ, ಸಮಿತಿ ಮಾಡಬೇಡಿ. ನನಗೆ ಅಷ್ಟು ಸಮಯವಿಲ್ಲ.

ಇಂತಿ,
ಆ ಕೋಣೆಯಲ್ಲಿ ಮೊದಲ ದಿನದಿಂದ ಇವತ್ತಿನವರೆಗೂ ಬಿಟ್ಟು ಹೋಗದೆ ಉಳಿದಿರುವ ಒಬ್ಬಳೇ ಒಬ್ಬಳು,
ರೋಗಿಯ ಹೆಂಡತಿ