ಶನಿವಾರದ ಅಜ್ಜಿ ಓದಿ ಹೇಳಿದ್ದು

ಓಲ್ಡ್ ಬ್ರಿಡ್ಜ್, ನ್ಯೂಜೆರ್ಸಿ
9 ಫೆಬ್ರುವರಿ 2025

ಮುದ್ದಿನ ತಂಗಿ ಚಿಕ್ಕತಾಯಿ,

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ತಪ್ಪುಗಳೂ ಇರುತ್ತವೆ. ಐದನೇ ಕ್ಲಾಸು ಬಿಟ್ಟ ಮೇಲೆ ಪೆನ್ನು ಹಿಡಿದವಳಲ್ಲ, ನಗಬೇಡ. ತಡವಾಗಿದ್ದಕ್ಕೂ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಾನು ಕೆಲಸಕ್ಕಿರುವ ಮನೆಯ ಅಲಮೇಲು ಆಂಟಿ ನನ್ನ ಫೋನು ತೆಗೆದು ನೋಡುತ್ತಾರೆ. ಅವ್ವನ ಮಂಡಿನೋವು ಹೇಗಿದೆ?

ಇಲ್ಲಿ ಹಿಮ ಬಿದ್ದಿದೆ. ಅಡುಗೆ, ಪಾತ್ರೆ, ಮಕ್ಕಳ ಕೆಲಸ ಮುಗಿಯುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. ಶನಿವಾರ ಮಾತ್ರ ಪಕ್ಕದ ಮನೆಯ ಗಿಟೆಲ್ ಅಜ್ಜಿಯ ಜೊತೆ ಎರಡು ಗಂಟೆ ಕೂರುತ್ತೇನೆ. ಅವರು ಯಹೂದಿಗಳು. ಶನಿವಾರ ಅವರ ಧರ್ಮದಲ್ಲಿ ಕೆಲಸ ಮಾಡಬಾರದ ದಿನವಂತೆ, ಒಲೆ, ದೀಪದ ಸ್ವಿಚ್ಚು ಮುಟ್ಟುವುದಿಲ್ಲ, ಕಿಟಕಿಯ ಬೆಳಕಿನಲ್ಲಿ ಓದುತ್ತಾರೆ. ಅವರ ಹಳೆಯ ಹೀಬ್ರೂ ಪುಸ್ತಕದಲ್ಲಿ ಒಬ್ಬ ಅಪ್ಪ ಮಗನಿಗೆ ಬುದ್ಧಿ ಹೇಳುತ್ತಾನಂತೆ. ನಯವಾಗಿ ಮಾತಾಡುವವರನ್ನು ಕೂಡಲೇ ನಂಬಬೇಡ, ಒಳಗೆ ಏನಿದೆಯೋ ನೋಡು ಎಂದು ಮತ್ತೆ ಮತ್ತೆ ಬರುತ್ತದಂತೆ. ನಿಧಾನದ ಇಂಗ್ಲಿಷಿನಲ್ಲಿ ನನಗೆ ಬಿಡಿಸಿ ಹೇಳಿದರು.

"ನಿನ್ನ ಆಂಟಿ ಬರೀ ಮಾತಿನ ಬೆಣ್ಣೆ ಬಡಿಸ್ತಾಳೆ. ಬ್ರೆಡ್ಡು ಎಲ್ಲಿ?" ಎಂದು ನಕ್ಕರು. ನಾನು ಆಂಟಿಯ ಪರ ಮಾತಾಡಿದೆ. "ನನ್ನನ್ನೂ ನಂಬಬೇಡ. ಹೋಗಿ ಅವಳು ಇಟ್ಟುಕೊಂಡಿರೋ ನಿನ್ನ ಪಾಸ್‌ಪೋರ್ಟ್ ಕೇಳು" ಎಂದರು.

ನಿನ್ನೆ ಸಂಜೆ ಕೇಳಿದೆ. ಆಂಟಿ ನನ್ನ ಕೆನ್ನೆ ಸವರಿ, "ಅಯ್ಯೋ ಚಿನ್ನ, ನೀನು ನನ್ ಮಗಳ ಥರ. ಮಗಳು ಅಮ್ಮನ ಹತ್ರ ಪಾಸ್‌ಪೋರ್ಟ್ ಕೇಳ್ತಾಳಾ? ಲಾಕರ್‌ನಲ್ಲಿ ಸೇಫಾಗಿದೆ. ಮುಂದಿನ ತಿಂಗಳು ಚಿಕ್ಕತಾಯಿ ಬರ್ಲಿ, ಅವಳದ್ದೂ ಅಲ್ಲೇ ಇಡೋಣ" ಎಂದರು.

ಎಷ್ಟು ಸಿಹಿಯಾಗಿ ಹೇಳಿದರು ಗೊತ್ತಾ! ಪಾಸ್‌ಪೋರ್ಟ್ ಮಾತ್ರ ಕೊಡಲಿಲ್ಲ.

ಚಿಕ್ಕತಾಯಿ, ನೀನು ಬರಬೇಡ. ಆಂಟಿ ಕಳಿಸುವ ಯಾವ ಕಾಗದಕ್ಕೂ ಸಹಿ ಹಾಕಬೇಡ. ಈ ಪತ್ರವನ್ನು ಅಜ್ಜಿ ಪೋಸ್ಟ್ ಮಾಡುತ್ತಾರೆ. ನನ್ನ ಪಾಸ್‌ಪೋರ್ಟ್ ವಿಷಯಕ್ಕೆ ಅವರ ಮಗಳು ಯಾರನ್ನೋ ವಿಚಾರಿಸುತ್ತಾಳಂತೆ, ನೋಡೋಣ. ನೀನು ಹೊಟ್ಟೆ ತುಂಬ ಉಣ್ಣು, ಮಾದಪ್ಪ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಮಾದೇವಿ

ಮರೆತ ಮಾತು: ನನಗೆ ಬೇರೆ ರೂಮಿದೆ, ಆರಾಮಾಗಿದ್ದೇನೆ, ನೀನೂ ಬಾ ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಅದನ್ನು ಆಂಟಿ ಹೇಳಿಕೊಟ್ಟಿದ್ದು ಎಂದು ಬರೆಯೋಣವೆಂದಿದ್ದೆ. ಅವರು ಹೇಳಿಕೊಡಲಿಲ್ಲ ಕಣೇ. ಒಬ್ಬಳೇ ಇರಲಾಗದೆ ನಾನೇ ಹೇಳಿದೆ. ಬೇಸ್‌ಮೆಂಟಿನಲ್ಲಿ ನನ್ನ ಪಕ್ಕ ನಿನಗೆಂದು ಒಂದು ಹಾಸಿಗೆಯನ್ನೂ ಹಾಸಿಟ್ಟಿದ್ದೆ. ಇವತ್ತು ಬೆಳಿಗ್ಗೆ ಎದ್ದು ಅದನ್ನು ಸುತ್ತಿ ಗೋಡೆಗೆ ಒರಗಿಸಿದೆ.