ಗಂಡನ ಸ್ಕೂಟರ್

ನೋಡು ಮಹಾರಾಯ್ತಿ, ನೀನಿಲ್ಲದ ಮನೆಗೆ ಇವತ್ತು ನಿನ್ನ ಶಿಷ್ಯೆ ಬಂದಿದ್ದಳು. ರೇಡಿಯೋ ದೂರದರ್ಶಕದ ಕೋಣೆಯಲ್ಲಿ ಈಗ ನಿನ್ನ ಕುರ್ಚಿ ಅವಳದ್ದೇ. ಕೈಯಲ್ಲಿ ನಿನ್ನ ಹಳೆಯ ದಾಖಲೆ ಪುಸ್ತಕವಿತ್ತು.

ನಿನ್ನ ಆ ಮುದಿ ನಕ್ಷತ್ರ ಮೈಮೇಲಿನ ಅನಿಲವನ್ನು ಪದರಪದರವಾಗಿ ಕಳಚುತ್ತದೆ, ಅದರೊಳಗಿನ ನೀರಾವಿ ರೇಡಿಯೋ ಅಲೆ ಕಳಿಸುತ್ತದೆ, ಅದೇ ಮೇಸರ್ ಎನ್ನುತ್ತಿದ್ದೆಯಲ್ಲ. ಅದು ಲೇಸರಿಗೆ ಅಣ್ಣನೋ ತಮ್ಮನೋ, ಕಾಲೇಜಿನ ಫಿಸಿಕ್ಸ್ ನೆನಪಿಲ್ಲ. ಟು ಬಿ ಫ್ರಾಂಕ್, ಆಗಲೂ ತಿಳಿದಿರಲಿಲ್ಲ. ಒಂದು ಮಧ್ಯಾಹ್ನ ಆ ಅಲೆ ದಿಢೀರನೆ ಹತ್ತು ಪಟ್ಟು ಏರಿದ್ದನ್ನು ನೀನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ "ಗಂಡನ ಸ್ಕೂಟರ್" ಎಂದು ಬರೆದಿದ್ದೀಯ. ನನ್ನ ಸ್ಕೂಟರಿನ ಕಿಡಿ ನಿನ್ನ ಯಂತ್ರಕ್ಕೆ ಎಷ್ಟು ಸಲ ಕಾಟ ಕೊಟ್ಟಿಲ್ಲ!

"ಅಂಕಲ್, ಮಾರನೇ ದಿನ ಬೇರೆ ದೇಶದವ್ರಿಗೂ ಇದೇ ಏರಿಕೆ ಕಂಡಿದೆ. ಅವತ್ತು ನೀವು ನಿಜವಾಗ್ಲೂ ಸ್ಕೂಟರಲ್ಲಿ ಅಲ್ಲಿಗೆ ಬಂದಿದ್ರಾ? ಇಲ್ಲ ಅಂದ್ರೆ ಮೊದಲು ಕಂಡಿದ್ದು ಮೇಡಮ್ಮೇ ಅಂತ ಲೇಖನದಲ್ಲಿ ಬರೀತೀನಿ."

ಬಂದಿರಲಿಲ್ಲ ಕಣೇ. ನಿನಗೆ ತಂದುಕೊಡಬೇಕಿದ್ದ ಊಟದ ಡಬ್ಬಿ ಮರೆತು ಸಿನಿಮಾಕ್ಕೆ ಹೋಗಿದ್ದೆ. ಸಂಜೆ ನೀನು ಹಸಿದು ಬಂದಾಗ, "ನಿನ್ನ ಕೋಣೆ ಬಾಗಿಲ ತನಕ ಬಂದಿದ್ದೆ, ನೀನು ಕೆಲಸದಲ್ಲಿದ್ದೆ ಅಂತ ವಾಪಸ್ ಬಂದೆ" ಎಂದುಬಿಟ್ಟೆ.

ಅವಳಿಗೆ ಎಲ್ಲ ಹೇಳಿದೆ. "ಅಯ್ಯೋ ಅಂಕಲ್! ಸಿನಿಮಾನಾದ್ರೂ ಚೆನ್ನಾಗಿತ್ತಾ?" ಎಂದು ನಕ್ಕಳು. ಯಾವುದೆಂದೇ ನೆನಪಾಗಲಿಲ್ಲ. ಆ ಕೆಂಪು ಗೆರೆಯ ಪಕ್ಕ ನನ್ನ ಸಹಿ ಹಾಕಿಸಿಕೊಂಡು ಹೋದಳು. ನಿನ್ನ ಹೆಸರು ಅಚ್ಚಾಗುತ್ತದಂತೆ.

ನಾನು ಆ ಸುಳ್ಳು ಹೇಳಿದ ಮರುದಿನ ಬೆಳಿಗ್ಗೆ ನೀನು ಹೋಗಿ, ಕಣ್ಣಾರೆ ಕಂಡ ನಕ್ಷತ್ರದ ಏರಿಕೆಯನ್ನು ಹೊಡೆದುಹಾಕಿ, ನನ್ನ ಮಾತನ್ನೇ ನಿಜವೆಂದು ಬರೆದಿಟ್ಟೆ. ಅಷ್ಟೊಂದು ನಂಬಿದ್ದೆಯಾ? ಥ್ಯಾಂಕ್ಸ್ ಕಣೇ.