ಅನ್ನ ಉಳಿದ ದಿನ

5-8-24, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಒಪ್ಪತ್ತು. ಪೂಜೆ ಮುಗಿಸಿ ಕಿಂಗ್ಸ್ ಸರ್ಕಲಿನಲ್ಲಿ ಗೋರೆಗಾಂವ್ ಲೋಕಲ್ ರೈಲು ಹಿಡಿದೆ. ಕೂರಲು ಜಾಗ ಸಿಕ್ಕಿತು, ಅದೇ ಪುಣ್ಯ. ಆಸ್ಪತ್ರೆಯಲ್ಲಿ ಅಡುಗೆಯವ ಬಂದಿರಲಿಲ್ಲ. ಐವತ್ತು ಮಂದಿಯ ಉಪ್ಪಿಟ್ಟು ನಾನೇ ತಿರುವಿದೆ. ಎಂಟು ವರ್ಷದಿಂದ ನನ್ನದು ಬಡಿಸುವ ಕೆಲಸ. ಆದರೆ ಯಾರು ಬರದಿದ್ದರೂ ಅವರ ಕೆಲಸ ಈ ದಾನವ್ವನದೇ.

ಗೇಟಿನ ಬೋರ್ಡಿನಲ್ಲಿ ವಿಶ್ರಾಂತಿ ಗೃಹ ಎಂದಿದೆ. ಹುಚ್ಚಾಸ್ಪತ್ರೆ ಎಂದರೆ ವಂದನಾ ಸಿಸ್ಟರ್ ಬೈಯುತ್ತಾರೆ. ಸರಿ, ವಿಶ್ರಾಂತಿ.

ಹನ್ನೊಂದನೇ ಮಂಚದ ಚೆನ್ನಯ ಒಂದು ತುತ್ತು ಬಾಯಿಗಿಟ್ಟು, ಇವತ್ತು ಕೈ ಬದಲಾಗಿದೆ ಎಂದರು. ಹೇಗೆ ಗೊತ್ತಾಯಿತು ಎಂದೆ. ರವೆ ಹುರಿದಿದ್ದೀರಿ, ಅವನು ಹುರಿಯುವುದಿಲ್ಲ ಎಂದರು. ಉಡುಪಿ ಕಡೆಯವರು. ವಿಲೆ ಪಾರ್ಲೆಯಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿದವರು. ಹೆಂಡತಿ ತೀರಿದ ಮೇಲೆ ಮಾತು ಬಿಟ್ಟರಂತೆ, ಶಟರ್ ಎತ್ತಲಿಲ್ಲವಂತೆ. ತಮ್ಮನ ಮಗ ತಿಲಕ್ ಹದಿನೈದು ದಿನಕ್ಕೆಂದು ತಂದು ಬಿಟ್ಟ. ಎರಡು ವರ್ಷವಾಯಿತು. ಹೋಟೆಲನ್ನು ಈಗ ಅವನೇ ನಡೆಸುತ್ತಾನೆ, ಬೋರ್ಡಿನ ಹೆಸರೂ ಬದಲಾಗಿದೆ. ಇವರು ಮಾತಾಡುತ್ತಾರೆ, ನಗುತ್ತಾರೆ, ನಾನು ಬಡಿಸಿದ ಸಾರಿಗೆ ಹೆಸರಿಡುತ್ತಾರೆ. ಇವರಿಗೇನು ಕಾಯಿಲೆಯೋ ನನಗಂತೂ ತಿಳಿಯದು.

19-8-24, ಸೋಮವಾರ

ನೂಲ ಹುಣ್ಣಿಮೆ. ವಂದನಾ ಸಿಸ್ಟರ್ ರಾಖಿಯ ಕಟ್ಟು ತಂದಿದ್ದರು. ಕೆಲಸದ ಹೆಂಗಸರೆಲ್ಲ ಗಂಡಸರ ವಾರ್ಡಿಗೆ ಹೋಗಿ ಕಟ್ಟಬೇಕು. ಫೋಟೋ ತೆಗೆದು ಮನೆಯವರ ಮೊಬೈಲಿಗೆ ಕಳಿಸುತ್ತಾರೆ. ಪ್ರತಿ ವರ್ಷದ ರೂಢಿ. ಒಂದರಿಂದ ಹತ್ತನೇ ಮಂಚದವರೆಗೆ ಕಟ್ಟಿದೆ. ಹನ್ನೊಂದರ ಮುಂದೆ ನಿಂತೆ. ಅವರು ಕೈ ಮುಂದೆ ಮಾಡಲಿಲ್ಲ. ನನ್ನ ಕೈಯೂ ಹೋಗಲಿಲ್ಲ.

"ದಾರ ಮುಗದಾವ್ರಿ" ಎಂದೆ.

"ಮುಗಿದದ್ದು ಒಳ್ಳೆಯದಾಯಿತು" ಎಂದರು.

ಹನ್ನೆರಡರವರಿಗೆ ಕಟ್ಟುವುದನ್ನು ಅವರು ನೋಡುತ್ತಲೇ ಇದ್ದರು.

ನನಗೆ ಐವತ್ತು ವರ್ಷ. ಯಜಮಾನರು ಹೋಗಿ ಹನ್ನೆರಡು. ಕೊರಳಲ್ಲಿ ಲಿಂಗ. ಉಪವಾಸದ ದಿನ ಸುಳ್ಳು. ಒಂದು ದಾರ ಪರ್ಸಿನಲ್ಲೇ ಉಳಿಯಿತು. ಲೋಕಲಿನಲ್ಲಿ ಸಯನ್ ಕಡೆ ಬರುವಾಗ ಮುಖ ಕಿಟಕಿಗೆ ತಿರುಗಿಸಿ ಕೂತೆ. ನಗು ಬರುತ್ತಿತ್ತು…

27-8-24, ಮಂಗಳವಾರ

ಚೆನ್ನಯ ಒಂದು ಮಾತು ಹೇಳಿದರು. ಅದು ತಲೆಯಿಂದ ಹೋಗುತ್ತಿಲ್ಲ. ಆರು ತಿಂಗಳಿಗೊಮ್ಮೆ ಸರಕಾರದ ಕಮಿಟಿ ಬರುತ್ತದೆ. ರೋಗಿಗಳನ್ನು ಮಾತಾಡಿಸುತ್ತಾರೆ. ಸರಿಯಾಗಿ ಉತ್ತರ ಕೊಟ್ಟವರನ್ನು ಮನೆಗೆ ಬಿಡಲು ಹೇಳುತ್ತಾರೆ. ಆದರೆ ಪ್ರತಿ ಸಲವೂ ಅದೇ ದಿವಸ ಇವರಿಗೆ ಕಣ್ಣು ಬಿಡಲಾಗದಂಥ ನಿದ್ರೆ.

ಮನೆಗೆ ಬಂದು ಹಳೆಯ ನೋಟ್‌ಬುಕ್ ತೆಗೆದೆ. ಅನ್ನ ಚೆಲ್ಲಿದರೆ ನನಗೆ ಸಂಕಟ, ಅದಕ್ಕೇ ಬರೆದಿಡುತ್ತೇನೆ. ಮಾರ್ಚಿನಲ್ಲಿ ಹೀಗಿದೆ: ಕಮಿಟಿಯವರಿಗೆ ಚಹಾ. ಎರಡು ಡಬರಿ ಅನ್ನ ಉಳಿಯಿತು. ಹಿಂದಿನ ಸೆಪ್ಟೆಂಬರಿನಲ್ಲಿ: ಕಮಿಟಿ. ಅನ್ನ ಬಹಳ ಉಳಿಯಿತು, ಯಾರೂ ಉಣ್ಣಲಿಲ್ಲ. ಅದಕ್ಕೂ ಹಿಂದಿನದರಲ್ಲೂ ಹಾಗೇ.

ಐವತ್ತು ಮಂದಿಗೆ ಒಂದೇ ದಿನ ಹಸಿವು ಹೋಗುತ್ತದೆಯೇ?

ಈ ಸಲ ಮಾತ್ರೆ ನುಂಗುವುದಿಲ್ಲ, ನಾಲಿಗೆಯಡಿ ಇಟ್ಟು ಉಗುಳುತ್ತೇನೆ ಎಂದಿದ್ದಾರೆ ಚೆನ್ನಯ. ಹೊರಗೆ ಬಂದ ಮೇಲೆ ಸಣ್ಣದಾಗಿ ಮತ್ತೆ ಹೋಟೆಲ್ ಶುರು ಮಾಡುವರಂತೆ. ಬೆಳಿಗ್ಗೆ ಬನ್ಸ್, ಮಧ್ಯಾಹ್ನ ಜೋಳದ ರೊಟ್ಟಿ.

"ನಮ್ಮವರಿಗೆ ರೊಟ್ಟಿ ಬರುವುದಿಲ್ಲ. ನಿಮ್ಮ ಕಡೆಯವರೊಬ್ಬರು ಬೇಕು" ಎಂದರು.

"ರೊಟ್ಟಿ ಬಡಿಯೋರು ಸಯನ್ನಿನಾಗ ಓಣಿಗೊಬ್ಬರು ಅದಾರ್ರಿ."

"ಬಡಿಯುವವರು ಇರಬಹುದು ಮಾರಾಯ್ತಿ. ನನಗೆ ಬೈಯುವವರೂ ಬೇಕು."

ಸೌಟು ಕೈಯಲ್ಲೇ ಉಳಿಯಿತು. ಹಿಂದಿನವನು ತಟ್ಟೆ ಬಡಿದು ಕೂಗಿದ.

9-9-24, ಸೋಮವಾರ

ನಾಳೆ ಕಮಿಟಿ. ಹೊರಡುವ ಹೊತ್ತಿಗೆ ವಂದನಾ ಸಿಸ್ಟರ್ ಸ್ಟೋರ್ ರೂಮಿಗೆ ಕರೆದರು. ಆಸ್ಪತ್ರೆಯ ಗಣಪತಿಗೆ ಬೆಳಿಗ್ಗೆ ಶಿರಾ ನಾನೇ ಮಾಡಬೇಕು. ಹನ್ನೊಂದರವನು ಮಾತ್ರೆ ಉಗುಳುತ್ತಾನೆ ಎಂದರು. ಕಾಗದದ ಪೊಟ್ಟಣ ಕೊಟ್ಟರು, ಒಳಗೆ ಬಿಳಿ ಪುಡಿ. ದೊಡ್ಡವರ ಮುಂದೆ ಗಾಬರಿಯಾಗಬಾರದು, ಶಾಂತವಾಗಿರಲಿ, ಅಷ್ಟೇ ಎಂದರು. ನಿನ್ನ ಕೈಯ ಪ್ರಸಾದಕ್ಕೆ ಅವನು ಬೇಡ ಎನ್ನುವುದಿಲ್ಲ ಎಂದರು.

ಸರಿ ಎಂದೆ. ಅನ್ನದ ವಿಷಯ ಕೇಳಬೇಕಿತ್ತು. ಕೇಳಲಿಲ್ಲ.

ಮನೆಗೆ ಬಂದು ಪೊಟ್ಟಣ ದೇವರ ಜಗಲಿಯ ಹತ್ತಿರ ಇಡಲು ಹೋದೆ. ಆಗಲಿಲ್ಲ. ಚೀಲದಲ್ಲೇ ಇದೆ.

10-9-24, ಮಂಗಳವಾರ

ಅನ್ನ ಉಳಿಯಿತು.

6-10-24, ಭಾನುವಾರ

ನಾಲ್ಕು ವಾರ ನೋಟ್‌ಬುಕ್ ಮುಟ್ಟಲಿಲ್ಲ. ಇವತ್ತು ಬರೆದೇ ಬಿಡುತ್ತೇನೆ. ಯಾರು ಓದಬೇಕು.

ಶಿರಾದಲ್ಲಿ ಪುಡಿ ಕಲಸಿದವಳು ನಾನು. ಕಹಿ ಗೊತ್ತಾಗದಿರಲೆಂದು ತುಪ್ಪ ಜಾಸ್ತಿ ಹಾಕಿದೆ. ಅವರು ಎರಡೂ ಕೈ ಚಾಚಿ ತೆಗೆದುಕೊಂಡರು. ಕಣ್ಣಿಗೆ ಒತ್ತಿಕೊಂಡು ತಿಂದರು. ಅವತ್ತೊಂದು ದಿನ ನನ್ನ ಅಡುಗೆಗೆ ಹೆಸರಿಡಲಿಲ್ಲ.

ಹನ್ನೊಂದು ಗಂಟೆಗೆ ಕಮಿಟಿ ಬಂತು. ಕನ್ನಡಕದ ಮೇಡಂ ಹೆಸರು ಕೇಳಿದರು. ಚೆನ್ನಯ ತಲೆ ಎತ್ತಿದರು. ನಾಲಿಗೆ ತಿರುಗಲಿಲ್ಲ. ಗದ್ದ ಮತ್ತೆ ಎದೆಗೆ ಬಿತ್ತು. ನಾನು ಚಹಾದ ಟ್ರೇ ಹಿಡಿದು ನಿಂತಿದ್ದೆ. ಇವರ ಭಾಷೆ ಬಲ್ಲವರು ಯಾರಿದ್ದಾರೆ ಎಂದರು ಮೇಡಂ. ಸಿಸ್ಟರ್ ನನ್ನನ್ನು ತೋರಿಸಿದರು. ಇವರು ದಿನಾ ಹೀಗೇ ಇರುತ್ತಾರಾ ಎಂದು ಮೇಡಂ ನನ್ನನ್ನೇ ಕೇಳಿದರು. ಎಂಟು ವರ್ಷದಲ್ಲಿ ಆ ಆಸ್ಪತ್ರೆಯಲ್ಲಿ ಒಬ್ಬರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

"ಹಾಂಜಿ" ಎಂದೆ.

ಬರೆದುಕೊಂಡರು. ಚಹಾ ಕುಡಿದರು. ಇನ್ನು ಆರು ತಿಂಗಳು.

ಹೆದರಿ ಹಾಗೆ ಹೇಳಿದೆ ಎಂದು ಬರೆದರೆ ಸುಳ್ಳು. ಕೆಲಸ ಹೋದೀತೆಂಬ ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಪುಡಿ ಕಲಸುವಾಗ ಮನಸ್ಸಿನಲ್ಲಿದ್ದದ್ದು ಬೇರೆ. ಹೊರಗೆ ಹೋದ ಗಂಡಸು ರೊಟ್ಟಿಯ ಮಾತು ನೆನಪಿಡುತ್ತಾನೆಯೇ? ಇಲ್ಲಿದ್ದರೆ ದಿನಕ್ಕೆ ಎರಡು ಸಲವಾದರೂ ತಟ್ಟೆ ಹಿಡಿದು ನನ್ನ ಮುಂದೆ ನಿಲ್ಲುತ್ತಾರೆ. ಅಷ್ಟೇ. ಅಷ್ಟಕ್ಕಾಗಿ…

ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡರೆ ಅದೇ ಅಂಗೈ ಕಾಣುತ್ತದೆ.

8-10-24, ಮಂಗಳವಾರ

ಚೆನ್ನಯ ಈಗ ನನ್ನ ಕೈಯಿಂದ ಏನೂ ತೆಗೆದುಕೊಳ್ಳುವುದಿಲ್ಲ. ತಟ್ಟೆ ಮೇಜಿನ ಮೇಲಿಟ್ಟು ದೂರ ನಿಲ್ಲುತ್ತಾರೆ. ಬಡಿಸಿ ನಾನು ಸರಿದ ಮೇಲೆ ಎತ್ತಿಕೊಳ್ಳುತ್ತಾರೆ. ಇವತ್ತು ಯಾರೂ ಇಲ್ಲದಾಗ, ತಪ್ಪಾತ್ರಿ ಎಂದೆ.

ತಟ್ಟೆ ಮೇಜಿನ ಮೇಲೆಯೇ ಬಿಟ್ಟು ನನ್ನ ಕಡೆ ತಿರುಗಿದರು.

"ಮಾತ್ರೆ ಆದರೆ ಉಗುಳುತ್ತಿದ್ದೆ" ಎಂದರು. "ಪ್ರಸಾದ ಉಗುಳುವುದು ಹೇಗೆ, ದಾನವ್ವ?"

ಬೈಯಲಿಲ್ಲ. ಬೈದಿದ್ದರೆ ಮನೆಗೆ ಬಂದು ಉಣ್ಣುತ್ತಿದ್ದೆ.

12-10-24, ಶನಿವಾರ

ದಸರಾ. ವಂದನಾ ಸಿಸ್ಟರ್ ಬಂಗಾರವೆಂದು ಎಲೆ ಕೊಟ್ಟರು, ಹಿಂದೆಯೇ ಇನ್ನೊಂದು ಪೊಟ್ಟಣ. ನಾಲ್ಕನೇ ಮಂಚದ ಶೇಖರನಿಗೆ. ಬ್ಯಾಂಕಿನಲ್ಲಿದ್ದವನು, ಮನೆಗೆ ಫೋನ್ ಮಾಡಿಕೊಡಿ ಎಂದು ವಾರದಿಂದ ಕೇಳುತ್ತಿದ್ದಾನೆ. ನಿನ್ನ ಕೈಗುಣ ಒಳ್ಳೆಯದು ಎಂದರು ಸಿಸ್ಟರ್. ಅಂದರೆ ಇನ್ನು ಮೇಲೆ ಇದು ನನ್ನ ಕೆಲಸ.

ಶೇಖರನಿಗೆ ಬರಿಯ ಪ್ರಸಾದ ಕೊಟ್ಟೆ. ಸಿಸ್ಟರ್ ಕೇಳಿದಾಗ ಕೊಟ್ಟೆ ಎಂದೆ. ಪೊಟ್ಟಣ ರೊಟ್ಟಿಯ ಅರಿವೆಯಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟೆ. ಗೇಟಿನಲ್ಲಿ ಈಗೀಗ ಚೀಲ ನೋಡುತ್ತಾರೆ. ವಾಚ್‌ಮನ್ ನಿಂಗಣ್ಣ ನಮ್ಮ ವಿಜಯಪುರದ ಕಡೆಯವನು. ಅರಿವೆ ಬಿಚ್ಚಿದ, ಪೊಟ್ಟಣ ಬಿಚ್ಚಿದ. ಹಿಂದೆ ಮೆಟ್ಟಿಲ ಮೇಲೆ ಸಿಸ್ಟರ್ ನಿಂತಿದ್ದರು.

"ವಿಭೂತಿ ಏನ್ರಿ ಅಕ್ಕಾ?" ಎಂದು ಜೋರಾಗಿ ಕೇಳಿದ.

ವಿಭೂತಿಯ ಹೆಸರಿನಲ್ಲಿ ಹೌದು ಎನ್ನಲು ಬಾಯಿ ಬರಲಿಲ್ಲ. ಅವನೇ ಮಡಚಿ ಒಳಗಿಟ್ಟ.

"ನಡೀರಿ. ದೇವರ ಸಾಮಾನಿಗೆ ನಾವು ಕೈ ಹಚ್ಚಬಾರದು."

18-10-24, ಶುಕ್ರವಾರ

ಹೊಟ್ಟೆನೋವೆಂದು ರಜೆ ಹಾಕಿದೆ. ಕಮಿಟಿಯ ಆಫೀಸಿಗೆ ಹೋದೆ. ನಮ್ಮ ಚಾಳಿನ ಪಕ್ಕದ ಖೋಲಿಯ ಇಂದ್ರಾಬಾಯಿಯ ಮಗಳು ರೂಪಾಲಿ ಮೊಬೈಲಿನಲ್ಲಿ ವಿಳಾಸ ಹುಡುಕಿ, ಕಾಲೇಜು ಬಿಟ್ಟು ಜೊತೆಗೆ ಬಂದಳು. ಕನ್ನಡಕದ ಮೇಡಂ ಸಿಗುವಾಗ ಎರಡು ಗಂಟೆ. ಪೊಟ್ಟಣ ಇಟ್ಟೆ. ನೋಟ್‌ಬುಕ್ಕುಗಳನ್ನು ಇಟ್ಟೆ. ಅನ್ನ ಉಳಿದ ದಿನಗಳನ್ನೂ ಕಮಿಟಿ ಬಂದ ದಿನಗಳನ್ನೂ ರೂಪಾಲಿ ಒಂದೊಂದಾಗಿ ಓದಿ ಹಿಂದಿಯಲ್ಲಿ ಹೇಳಿದಳು. ಅವಳಿಗೆ ಕನ್ನಡ ಅಕ್ಷರ ಕೂಡಿಸಿ ಓದಬೇಕು. ಅಕ್ಟೋಬರಿನ ಪುಟಕ್ಕೆ ಬಂದು ನಿಂತಳು. ಕಿವಿ ಕೆಂಪಾಯಿತು.

"ಮಾವಶಿ, ಇದು… ಈ ಪೇಜ್ ಬೇಡ ಅಲಾ?"

"ಓದವಾ. ಅದ ಮುಖ್ಯ ಐತಿ."

ಓದಿದಳು. ನಾನು ಫ್ಯಾನ್ ನೋಡುತ್ತಿದ್ದೆ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಪುಟಗಳ ಫೋಟೋ ತೆಗೆದುಕೊಂಡು, ಯಾರಿಗೂ ಹೇಳಬೇಡಿ, ಕೆಲಸಕ್ಕೆ ಹೋಗುತ್ತಿರಿ ಎಂದರು.

25-11-24, ಸೋಮವಾರ

ಬಂದರು. ಹೇಳದೆ ಕೇಳದೆ, ಬೆಳಿಗ್ಗೆ ಏಳೂವರೆಗೆ, ಮಾತ್ರೆಯ ಟ್ರೇ ಹೊರಡುವ ಮೊದಲು. ಜೊತೆಗೆ ಪೊಲೀಸರಿಬ್ಬರು. ಸ್ಟೋರ್ ರೂಮಿಗೆ ಬೀಗ ಹಾಕಿಸಿದರು. ಚೆನ್ನಯ ತಮ್ಮ ಹೆಸರು ಹೇಳಿದರು, ಹೆಂಡತಿಯ ಹೆಸರು ಹೇಳಿದರು, ಹೋಟೆಲ್ ಯಾವ ಗಲ್ಲಿಯಲ್ಲಿದೆ ಎಂದು ಹೇಳಿದರು. ಇವತ್ತಿನ ಉಪ್ಪಿಟ್ಟಿನ ರವೆ ಹುರಿದಿಲ್ಲ ಎಂದೂ ಹೇಳಿದರು. ಮೇಡಂ ನಕ್ಕರು.

ವಂದನಾ ಸಿಸ್ಟರ್ ನನ್ನ ಹತ್ತಿರ ಬಂದು, ಪುಡಿ ಕಲಸಿ ಕೊಟ್ಟ ಕೈ ಯಾರದು ಎಂದು ಮರಾಠಿಯಲ್ಲಿ ಕೇಳಿದರು.

ನನ್ನದು ಎಂದೆ.

ಇವತ್ತು ಅನ್ನ ಉಳಿಯಲಿಲ್ಲ. ಎರಡನೇ ಸಲ ಕೇಳಿದವರಿಗೆ ಸಾಲಲಿಲ್ಲ.

29-11-24, ಶುಕ್ರವಾರ

ಏಳು ಮಂದಿಯನ್ನು ಬಿಟ್ಟರು. ಶೇಖರನನ್ನು ಕರೆದೊಯ್ಯಲು ಅವನ ತಂಗಿ ಬಂದಿದ್ದಳು. ಚೆನ್ನಯ ಅವರ ಕಡೆಯಿಂದ ಯಾರೂ ಬಂದಿರಲಿಲ್ಲ. ನನ್ನನ್ನು ಆಫೀಸಿನವರು ಮೊನ್ನೆಯೇ ಕೆಲಸದಿಂದ ತೆಗೆದಿದ್ದಾರೆ. ಗೇಟಿನ ಹೊರಗೆ ನಿಂತಿದ್ದೆ. ಚೆನ್ನಯ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನನ್ನ ಮುಂದೆ ನಿಂತರು. ಏನಾದರೂ ಹೇಳುವ ಹೊತ್ತು ಅದು. ಏನೇನೋ ಕಟ್ಟಿಕೊಂಡು ಬಂದಿದ್ದೆ. ಬಾಯಿ ತೆರೆಯಲಿಲ್ಲ. ಸುಳ್ಳು ಹೇಳುವಾಗ ಎಷ್ಟು ಸಲೀಸಾಗಿ ತೆರೆದಿತ್ತು.

"ಬರುತ್ತೇನೆ" ಎಂದರು. ಅವರ ಕಡೆ ಹೊರಡುವಾಗ ಎಲ್ಲರಿಗೂ ಹೇಳುವ ಮಾತು. ರಿಕ್ಷಾ ಹತ್ತಿದರು.

12-2-25, ಬುಧವಾರ

ಸಯನ್ನಿನ ಖಾನಾವಳಿಯಲ್ಲಿ ರೊಟ್ಟಿ ಕೆಲಸ ಹಿಡಿದು ಎರಡು ತಿಂಗಳಾಯಿತು. ದಿನಕ್ಕೆ ಇನ್ನೂರು ರೊಟ್ಟಿ. ಇವತ್ತು ಪಾರ್ಲೆಯಲ್ಲಿ ಕೆಲಸವಿತ್ತು. ಯಾವ ಕೆಲಸವೂ ಇರಲಿಲ್ಲ.

ಹೋಟೆಲಿನ ಮುಂಭಾಗಕ್ಕೆ ಬೀಗ. ತಮ್ಮನ ಮಗ ತಿಲಕನ ಜೊತೆ ಕೇಸು ಕೋರ್ಟಿನಲ್ಲಿದೆ ಎಂದ ಪಾನ್ ಅಂಗಡಿಯವ. ಹಿಂದಿನ ಗಲ್ಲಿಯ ಕಡೆ ಚಿಕ್ಕ ಬಾಗಿಲು ತೆರೆದಿದೆ, ನಾಲ್ಕು ಮೇಜು. ಬಾಗಿಲ ಮೇಲೆ ಕೈಬರಹದ ಚೀಟಿ. ಕನ್ನಡದಲ್ಲಿ.

ಜೋಳದ ರೊಟ್ಟಿ ಮಾಡುವವರು ಬೇಕು. ಬೈಯಲು ಬರಬೇಕು.

ಆ ಗಲ್ಲಿಯಲ್ಲಿ ಕನ್ನಡ ಓದುವವರು ಯಾರಿದ್ದಾರೆ?

ರಸ್ತೆ ದಾಟಲಿಲ್ಲ. ಯಾವ ಕೈ ಹಿಡಿದುಕೊಂಡು ಆ ಅಡುಗೆಮನೆಗೆ ಹೋಗಲಿ?

26-2-25, ಬುಧವಾರ

ಶಿವರಾತ್ರಿ. ಚಾಳಿನ ಪೂಜೆಯಲ್ಲಿ ಪ್ರಸಾದ ಹಂಚಲು ನನ್ನನ್ನೇ ಕರೆದರು. ಇಂದ್ರಾಬಾಯಿಯ ಕೈಗೆ ಕೊಟ್ಟುಬಿಟ್ಟೆ. ಮೊನ್ನೆಯೂ ಪಾರ್ಲೆಗೆ ಹೋಗಿದ್ದೆ. ಚೀಟಿ ಇತ್ತು, ಬಿಸಿಲಿಗೆ ಅಕ್ಷರ ಮಾಸಿದೆ. ಈ ಹಬ್ಬ ಮುಗಿಯಲಿ. ಸೋಮವಾರ ಹೋಗುತ್ತೇನೆ.

10-3-25, ಸೋಮವಾರ, ಸಂಜೆ

ಆ ಸೋಮವಾರ ಹೋಗಲಿಲ್ಲ. ಇವತ್ತು ಮಧ್ಯಾಹ್ನ ಹೋದೆ. ಚೀಟಿ ಇಲ್ಲ. ಅಂಟಿನ ಗುರುತು ಮಾತ್ರ. ನಾಲ್ಕು ವಾರ… ಯಾರು ಕಾಯುತ್ತಾರೆ.

ತಿರುಗಿದ್ದೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಯಾರೋ ಸಿಕ್ಕಿದ್ದಾಳೆ ಎಂದುಕೊಂಡೆ. ಒಳ್ಳೆಯದೇ ಆಯಿತು ಎಂದೂ ಅಂದುಕೊಂಡೆ. ಆದರೆ ಹೊಸ ಕೈ. ಎರಡು ಬಡಿತ, ನಿಲ್ಲುತ್ತದೆ, ಮತ್ತೆ ಒಂದು. ರಸ್ತೆ ದಾಟಿ ಬಗ್ಗಿ ನೋಡಿದೆ.

ಅವರೇ. ಮೊಣಕೈವರೆಗೆ ಹಿಟ್ಟು. ರೊಟ್ಟಿ ನಾಲ್ಕು ಕಡೆ ಬಿರಿದಿತ್ತು. ಪಕ್ಕದಲ್ಲಿ ಕೆಟ್ಟ ರೊಟ್ಟಿಗಳ ರಾಶಿ. ನನ್ನನ್ನು ನೋಡಲಿಲ್ಲ. ಓಡಿ ಬಂದುಬಿಟ್ಟೆ.

ತಣ್ಣೀರಿನಲ್ಲಿ ನಾದಿದ್ದಾರೆ. ಕುದಿಯುವ ನೀರು ಹಾಕಬೇಕೆಂದು ಮೂವತ್ತು ವರ್ಷ ಹೋಟೆಲ್ ನಡೆಸಿದ ಮನುಷ್ಯನಿಗೆ ಗೊತ್ತಿಲ್ಲ. ನಾಳೆ ಹೋಗಿ ಅಷ್ಟಾದರೂ

ನಾಳೆ ಎಂದು ಬರೆದೆ. ಇಡೀ ನೋಟ್‌ಬುಕ್ಕಿನಲ್ಲಿ ನನ್ನದು ಇದೇ. ಈಗ ಐದೂ ಕಾಲು. ಕಿಂಗ್ಸ್ ಸರ್ಕಲಿನಿಂದ ಐದೂ ನಲವತ್ತಕ್ಕೆ ಒಂದು ಲೋಕಲ್ ಇದೆ, ಪಾರ್ಲೆಯಲ್ಲಿ ನಿಲ್ಲುತ್ತದೆ. ಸೀರೆ ಬದಲಿಸುವಷ್ಟು ಹೊತ್ತೂ